ಎಂಟೆದೆ ಬೇಡ, ಎರಡು ಸಲ ಓದಿದರೆ ಸಾಕು

ಭಾನುವಾರದ ಪುರವಣಿಯಲ್ಲಿ ಒಂದು ಕಥಾಸಂಕಲನದ ಬಗ್ಗೆ ಅರ್ಧ ಪುಟ ವಿಮರ್ಶೆ ಬಂದಿರುತ್ತದೆ. ಓದಿ ಮುಗಿಸುವಷ್ಟರಲ್ಲಿ ಲೇಖಕರ ಊರು ಯಾವುದು, ಎಲ್ಲಿ ಕೆಲಸ ಮಾಡುತ್ತಾರೆ, ಇದು ಅವರ ಎಷ್ಟನೇ ಪುಸ್ತಕ, ಮುನ್ನುಡಿ ಯಾರದು, ಮುಖಪುಟ ಎಷ್ಟು ಚೆನ್ನಾಗಿದೆ, ಎಲ್ಲವೂ ಗೊತ್ತಾಗಿರುತ್ತದೆ. ಆದರೆ ಆ ಲೇಖಕರು ಬರೆಯುವ ವಾಕ್ಯ ಹೇಗಿರುತ್ತದೆ? ಅದೊಂದು ಗೊತ್ತಾಗುವುದಿಲ್ಲ. ಅಷ್ಟು ಉದ್ದದ ಬರಹದಲ್ಲಿ ಕಥೆಗಾರರ ಸ್ವಂತ ಸಾಲು ಒಂದೂ ಇರುವುದಿಲ್ಲ. ಇಂಥ ವಿಮರ್ಶೆ ಹೊಗಳಿದರೂ ಅಷ್ಟೇ, ತೆಗಳಿದರೂ ಅಷ್ಟೇ. ಓದುಗನಾದ ನನ್ನ ಕೈಗೆ ಏನೂ ಸಿಗುವುದಿಲ್ಲ.

ಕನ್ನಡದಲ್ಲಿ ಪುಸ್ತಕಗಳ ಬಗ್ಗೆ ಬರೆಯುವಾಗ ಬಳಸುವ ಒಂದಷ್ಟು ಮಾತುಗಳಿವೆ. ‘ದಟ್ಟ ಅನುಭವ’, ‘ಮಣ್ಣಿನ ವಾಸನೆ’, ‘ಕಾಡುವ ಪಾತ್ರಗಳು’, ‘ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುತ್ತದೆ’, ‘ಗ್ರಾಮೀಣ ಬದುಕಿನ ತಲ್ಲಣಗಳನ್ನು ಕಟ್ಟಿಕೊಡುತ್ತದೆ’. ಈ ಮಾತುಗಳಲ್ಲಿ ಸುಳ್ಳಿಲ್ಲ. ಆದರೆ ಒಂದು ಪುಸ್ತಕದ ಹೆಸರು ತೆಗೆದು ಇನ್ನೊಂದರ ಹೆಸರು ಹಾಕಿದರೂ ಇವು ಹಾಗೇ ನಡೆಯುತ್ತವೆ. ತೊಂದರೆ ಇರುವುದು ಅಲ್ಲೇ. ಬರೆದು ಮುಗಿಸಿದ ಮೇಲೆ ಪುಸ್ತಕದ ಹೆಸರಿರುವ ಜಾಗವನ್ನು ಕೈಯಿಂದ ಮುಚ್ಚಿ ಓದಿ ನೋಡಿ. ಇದು ಯಾವ ಪುಸ್ತಕದ ಬಗ್ಗೆ ಅಂತ, ಆ ಪುಸ್ತಕ ಓದಿದವರಿಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ಬರೆಯುವ ಕೆಲಸ ಇನ್ನೂ ಶುರುವಾಗಿಲ್ಲ ಅಂತಲೇ ಅರ್ಥ.

ವಿಮರ್ಶೆಯ ಮಾತು ಬಂದಾಗಲೆಲ್ಲ ನಮ್ಮವರು ಧೈರ್ಯದ ಬಗ್ಗೆ ಮಾತಾಡುತ್ತಾರೆ. ಹತ್ತನೇ ಶತಮಾನದಲ್ಲೇ ರನ್ನ ಸವಾಲು ಹಾಕಿಬಿಟ್ಟಿದ್ದ: ‘ಫಣಿಪತಿಯ ಫಣಾರತ್ನಮುಮಂ ರನ್ನನ ಕೃತಿರತ್ನಮುಮಂ ಪೇಳ್ ಪರೀಕ್ಷಿಪಂಗೆಂಟೆರ್ದೆಯೇ’. ಸರ್ಪರಾಜನ ಹೆಡೆಯ ಮೇಲಿನ ರತ್ನವನ್ನಾಗಲಿ ರನ್ನನ ಕಾವ್ಯವನ್ನಾಗಲಿ ಪರೀಕ್ಷೆ ಮಾಡುವವನಿಗೆ ಎಂಟು ಎದೆ ಇದೆಯೇನು ಅಂತ. ಅದ್ಭುತವಾದ ಸೊಕ್ಕು. ಅಂಥ ಕವಿಗೆ ಅದು ಒಪ್ಪುತ್ತದೆ ಕೂಡ. ಆದರೆ ಇವತ್ತು ಕನ್ನಡದಲ್ಲಿ ಕೊರತೆ ಇರುವುದು ಧೈರ್ಯದ್ದು ಅಂತ ನನಗೆ ಅನ್ನಿಸುವುದಿಲ್ಲ. ಬೈಯುವವರು ಬೇಕಾದಷ್ಟು ಜನ ಇದ್ದಾರೆ, ಫೇಸ್‌ಬುಕ್ ತೆರೆದರೆ ಸಾಕು. ಕೊರತೆ ಇರುವುದು ಓದಿನದ್ದು. ಸರಿಯಾಗಿ ಓದದ ಧೈರ್ಯವಂತ ಬೈದು ಬರೆಯುತ್ತಾನೆ, ಸರಿಯಾಗಿ ಓದದ ಸಂಕೋಚದವನು ಹೊಗಳಿ ಬರೆಯುತ್ತಾನೆ. ಇಬ್ಬರ ಬರಹದಲ್ಲೂ ಪುಸ್ತಕ ಇರುವುದಿಲ್ಲ.

ಕೃತಿಯನ್ನು ಓದುಗರ ಮುಂದೆ ಇಟ್ಟು ಆಮೇಲೆ ಮಾತಾಡುವ ಪದ್ಧತಿ ನಮಗೆ ಹೊಸದೇನಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥವೇ ಒಂದು ರೀತಿಯಲ್ಲಿ ವಿಮರ್ಶೆಯ ಪುಸ್ತಕ. ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ದಲ್ಲಿ ಮೂರು ಪರಿಚ್ಛೇದಗಳಿವೆ, ಅದರಲ್ಲಿ ಮೊದಲನೆಯದು ಮುಖ್ಯವಾಗಿ ಕಾವ್ಯದ ದೋಷಗಳ ಬಗ್ಗೆಯೇ. ಅದನ್ನು ಬರೆದ ಶ್ರೀವಿಜಯ ಸುಮ್ನೆ ‘ಇದು ದೋಷ’ ಅಂತ ಹೇಳಿ ಮುಂದೆ ಹೋಗುವುದಿಲ್ಲ. ತಪ್ಪಿರುವ ಪದ್ಯ ಕೊಡುತ್ತಾನೆ, ಅದನ್ನು ಹೀಗೆ ತಿದ್ದಿದರೆ ಸರಿಹೋಗುತ್ತದೆ ಅಂತ ತಿದ್ದಿದ ಪದ್ಯವನ್ನೂ ಕೊಡುತ್ತಾನೆ. ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಹೊಂದದ ಸಮಾಸ ಮಾಡಿದರೆ ಅದು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗೆ ಅನ್ನುತ್ತಾನೆ. ಹೋಲಿಕೆ ಚೆನ್ನಾಗಿದೆ, ಆದರೆ ನನಗೆ ಅದಕ್ಕಿಂತ ಇಷ್ಟವಾಗುವುದು ಅವನು ಓದುಗನನ್ನು ನಡೆಸಿಕೊಳ್ಳುವ ರೀತಿ. ಎರಡೂ ಪದ್ಯ ನಿನ್ನ ಮುಂದಿವೆ, ನೀನೇ ನೋಡು ಅನ್ನುವ ಹಾಗಿದೆ ಅದು. ಬೇಕಾದರೆ ನಾನು ಅವನ ಜೊತೆ ಜಗಳ ಆಡಬಹುದು. ಮೊದಲಿನದ್ದೇ ಚೆನ್ನಾಗಿತ್ತು ಅನ್ನಬಹುದು. ಸಾವಿರ ವರ್ಷ ಕಳೆದ ಮೇಲೂ ಅವಕಾಶ ತೆರೆದಿದೆ. ಅದೇ ಪುಸ್ತಕದಲ್ಲಿ ಪರವಿಚಾರವನ್ನೂ ಪರಧರ್ಮವನ್ನೂ ಸಹಿಸುವುದೇ ನಿಜವಾದ ಚಿನ್ನ ಅನ್ನುವ ಮಾತು ಬರುತ್ತದೆ, ‘ಕಸವರಮೆಂಬುದು’ ಅಂತ ಶುರುವಾಗುವ ಪದ್ಯ. ಭಾಷಣಗಳಲ್ಲಿ ಅದನ್ನು ಜಾಸ್ತಿ ಕೇಳುತ್ತೇವೆ. ನನಗೆ ಅದು ವಿಮರ್ಶಕರಿಗೂ ಹೇಳಿದ ಮಾತು ಅನ್ನಿಸುತ್ತದೆ.

ಹಾಗಾದರೆ ಒಂದು ಸಾಲನ್ನು ಎತ್ತಿ ತೋರಿಸುವುದರಿಂದ ಏನಾಗುತ್ತದೆ? ಎಲ್ಲರಿಗೂ ಗೊತ್ತಿರುವ ಒಂದು ಕವಿತೆಯನ್ನೇ ತೆಗೆದುಕೊಳ್ಳೋಣ. ಬೇಂದ್ರೆಯವರ ಯುಗಾದಿ ಪದ್ಯ. ಹಬ್ಬದ ದಿನ ಬೆಳಿಗ್ಗೆ ಏಳುವುದರೊಳಗೆ ಅದರ ಮೊದಲ ಸಾಲುಗಳು ವಾಟ್ಸಾಪ್‌ನಲ್ಲಿ ಬಂದು ಕೂತಿರುತ್ತವೆ, ಮಾವಿನ ತೋರಣದ ಚಿತ್ರದ ಜೊತೆ. ಸಂಭ್ರಮದ ಪದ್ಯ ಅಂತಲೇ ನಾವೆಲ್ಲ ಅದನ್ನು ಮನಸ್ಸಲ್ಲಿ ಇಟ್ಟುಕೊಂಡಿದ್ದೇವೆ. ಹೊಂಗೆ ಹೂವು, ದುಂಬಿ, ಬೇವಿನ ಹೂವಿನ ಕಂಪು ಎಲ್ಲ ಇದೆ ನಿಜ. ಆದರೆ ಮುಂದೆ ಹೋಗಿ. ಅರ್ಧಕ್ಕೆ ಬಂದಾಗ ಕವಿತೆ ತಿರುಗುತ್ತದೆ. ಎಲ್ಲ ಜೀವಕ್ಕೂ ವರುಷಕ್ಕೊಂದು ಹೊಸ ಜನ್ಮ ಸಿಗುವಾಗ ನಮಗೆ ಮಾತ್ರ ಒಂದೇ ಬಾಲ್ಯ, ಒಂದೇ ಹರೆಯ ಯಾಕೆ ಅಂತ ಕೇಳುತ್ತದೆ. ರಾತ್ರಿ ಮಲಗಿದಾಗ ಸತ್ತು ಬೆಳಿಗ್ಗೆ ಹೊಸದಾಗಿ ಹುಟ್ಟುವ ಭಾಗ್ಯ ನಮಗೆ ಯಾಕಿಲ್ಲ ಅನ್ನುತ್ತದೆ. ಕೊನೆಗೆ ಮೊದಲ ಸಾಲುಗಳೇ ಮತ್ತೆ ಬರುತ್ತವೆ, ಯುಗಾದಿ ಮರಳಿ ಬರುತ್ತಿದೆ, ಹೊಸ ಹರುಷ ತರುತ್ತಿದೆ, ಆಮೇಲೆ ಎರಡೇ ಎರಡು ಪದದ ಒಂದು ಸಾಲು: ‘ನಮ್ಮನಷ್ಟೇ ಮರೆತಿದೆ!’

ಆ ಸಾಲನ್ನು ಓದುಗರ ಮುಂದೆ ಇಟ್ಟ ತಕ್ಷಣ ವಿಮರ್ಶಕನ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಇದು ಹಬ್ಬದ ಪದ್ಯವೋ ಸಾವಿನ ಬಗೆಗಿನ ದೂರೋ ಅನ್ನುವ ಪ್ರಶ್ನೆ ಓದುಗರ ತಲೆಯಲ್ಲಿ ತಾನಾಗಿಯೇ ಹುಟ್ಟುತ್ತದೆ. ಮೊದಲ ಸಲ ಬಂದಾಗ ಖುಷಿ ಕೊಟ್ಟ ಅದೇ ಸಾಲುಗಳು ಕೊನೆಯಲ್ಲಿ ಯಾಕೆ ಬೇರೆ ಥರ ಕೇಳಿಸುತ್ತವೆ, ಒಂದೇ ಒಂದು ಸಾಲು ಸೇರಿದ್ದಕ್ಕೆ ಇಡೀ ಕವಿತೆಯ ಬಣ್ಣ ಹೇಗೆ ಬದಲಾಯಿತು, ಆ ದುಃಖವನ್ನು ಹೇಳಲಿಕ್ಕೆ ಬೇಂದ್ರೆ ಕುಣಿಯುವ ಲಯವನ್ನೇ ಯಾಕೆ ಇಟ್ಟುಕೊಂಡರು, ಇವೆಲ್ಲ ಆಮೇಲೆ ಮಾತಾಡಬಹುದಾದ ಸಂಗತಿಗಳು. ‘ಬೇಂದ್ರೆ ವರಕವಿ, ನಾದಲೀಲೆಯ ಕವಿ’ ಅಂತ ನೂರು ಸಲ ಬರೆದರೂ ಇದು ಆಗುವುದಿಲ್ಲ. ಒಬ್ಬ ಓದುಗ ತಾನು ದಾಟಿಕೊಂಡು ಹೋದ ಸಾಲಿನ ಹತ್ತಿರ ವಾಪಸ್ ಬಂದು ನಿಲ್ಲುತ್ತಾನಲ್ಲ, ಅದಕ್ಕಾಗಿಯೇ ನಾನು ವಿಮರ್ಶೆ ಓದುತ್ತೇನೆ. ಅದಕ್ಕಾಗಿಯೇ ಬರೆಯುತ್ತೇನೆ ಕೂಡ.

ಇದಕ್ಕೆ ಎರಡು ಸಲ ಓದಲೇಬೇಕು. ಬೇರೆ ದಾರಿ ಇಲ್ಲ. ಮೊದಲ ಓದಿನಲ್ಲಿ ಕಥೆ ನಮ್ಮನ್ನು ಎಳೆದುಕೊಂಡು ಹೋಗುತ್ತದೆ, ಹೋಗಲಿ ಬಿಡಿ, ಅದು ಅದರ ಹಕ್ಕು. ಎರಡನೇ ಓದಿನಲ್ಲಿ ಮುಂದೆ ಏನಾಗುತ್ತದೆ ಅಂತ ಗೊತ್ತಿರುತ್ತದೆ, ಹಾಗಾಗಿ ಹೇಗಾಗುತ್ತದೆ ಅನ್ನುವುದು ಕಾಣಿಸುತ್ತದೆ. ಪೆನ್ಸಿಲ್ ಹಿಡಿಯಬೇಕಾದದ್ದು ಆಗ. ಮುನ್ನುಡಿ, ಬೆನ್ನುಡಿ ಎರಡನ್ನೂ ಕೊನೆಗೆ ಓದಿ. ಮುನ್ನುಡಿ ಬರೆದವರು ದೊಡ್ಡವರಾಗಿದ್ದರೆ ಅವರ ಮಾತು ನಮ್ಮ ಕಣ್ಣಿನ ಮುಂದೆ ಬಂದು ನಿಂತುಬಿಡುತ್ತದೆ, ಆಮೇಲೆ ನಾವು ಪುಸ್ತಕ ಓದುವ ಬದಲು ಅವರು ಹೇಳಿದ್ದು ಪುಸ್ತಕದಲ್ಲಿ ಎಲ್ಲಿದೆ ಅಂತ ಹುಡುಕುತ್ತೇವೆ. ಎಷ್ಟೋ ವಿಮರ್ಶೆಗಳು ಮುನ್ನುಡಿಯದೇ ಸಂಕ್ಷಿಪ್ತ ರೂಪ ಆಗಿರುವುದಕ್ಕೆ ಇದೇ ಕಾರಣ.

ತಪ್ಪು ಹೇಳುವಾಗಲೂ ಇದೇ ದಾರಿ. ‘ಸಂಭಾಷಣೆ ಕೃತಕವಾಗಿದೆ’ ಅಂತ ಒಂದು ವಾಕ್ಯ ಬರೆದು ಮುಂದೆ ಹೋಗುವುದು ತುಂಬಾ ಸುಲಭ. ಈಗ ಹೀಗೆ ಅಂದುಕೊಳ್ಳಿ. ಒಂದು ಕಾದಂಬರಿಯಲ್ಲಿ ತಿಪಟೂರು ಕಡೆಯ ತೆಂಗಿನ ತೋಟದ ಹೆಂಗಸೊಬ್ಬಳು ಬರುತ್ತಾಳೆ. ಕೊಬ್ಬರಿ ರೇಟು ಬಿದ್ದ ದಿನ ಗಂಡನ ಜೊತೆ ಮಾತಾಡುತ್ತಾಳೆ. ಆಗ ಅವಳ ಬಾಯಲ್ಲಿ ‘ಮಾರುಕಟ್ಟೆ ವ್ಯವಸ್ಥೆ ನಮ್ಮ ಬದುಕನ್ನು ನಾಶಗೊಳಿಸುತ್ತಿದೆ’ ಅನ್ನುವಂಥ ಮಾತು ಬಂದರೆ, ಆ ಮಾತನ್ನೇ ಎತ್ತಿ ಬರೆಯಿರಿ. ಪಕ್ಕದಲ್ಲೇ, ಅದೇ ಹೆಂಗಸು ಇನ್ನೊಂದು ಅಧ್ಯಾಯದಲ್ಲಿ ಕರುವನ್ನು ಕಟ್ಟುತ್ತ ಮಗಳಿಗೆ ಬೈಯುವಾಗ ಆಡುವ ಜೀವಂತ ಮಾತನ್ನೂ ಇಡಿ. ಆಗ ಓದುಗರಿಗೆ ಗೊತ್ತಾಗುತ್ತದೆ, ಲೇಖಕರಿಗೂ ಗೊತ್ತಾಗುತ್ತದೆ: ಇವರಿಗೆ ಮಾತು ಬರೆಯಲು ಬರುವುದಿಲ್ಲ ಅಂತಲ್ಲ, ಪಾತ್ರ ಯೋಚಿಸುವ ಜಾಗಕ್ಕೆ ಬಂದ ಕೂಡಲೇ ಅವಳನ್ನು ಪಕ್ಕಕ್ಕೆ ಸರಿಸಿ ತಾವೇ ಮಾತಾಡಲು ಶುರುಮಾಡುತ್ತಾರೆ. ಇದು ಉಪಯೋಗಕ್ಕೆ ಬರುವ ಟೀಕೆ. ಮುಂದಿನ ಪುಸ್ತಕ ಬರೆಯುವಾಗ ಅವರಿಗೆ ನೆನಪಾಗುತ್ತದೆ. ‘ಕೃತಕ’ ಅನ್ನುವ ಒಂದು ಪದದಿಂದ ನೋವು ಆಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ಇನ್ನೊಂದು ಅಭ್ಯಾಸ ಇದೆ, ‘ಲೇಖಕರು ಇದನ್ನೂ ಬರೆಯಬೇಕಿತ್ತು’ ಅನ್ನುವುದು. ಜಾತಿಯ ಬಗ್ಗೆ ಬರೆದರೆ ನೀರಾವರಿ ಬಗ್ಗೆ ಯಾಕಿಲ್ಲ, ನೀರಾವರಿ ಬಗ್ಗೆ ಬರೆದರೆ ಹೆಂಗಸರ ಪಾಡು ಯಾಕಿಲ್ಲ. ಬರೆಯದ ಪುಸ್ತಕದ ವಿಮರ್ಶೆ ಯಾರಿಗೂ ಬೇಡ. ಬರೆದಿರುವ ಕಥೆಯೇ ಒಂದು ಪ್ರಶ್ನೆ ಎತ್ತಿ, ಅದನ್ನು ಕೈಬಿಟ್ಟು ಓಡಿದ್ದರೆ ಅದು ಬೇರೆ ಮಾತು.

2025ರಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬುಕರ್ ಬಂದಾಗ ನಾವೆಲ್ಲ ಎಷ್ಟು ಖುಷಿಪಟ್ಟೆವು. ಕನ್ನಡದ 12 ಕಥೆಗಳು, ದೀಪಾ ಭಾಸ್ತಿ ಅವರ ಅನುವಾದ. ಕಥಾಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಅಭಿಮಾನದ ಬರಹಗಳು ಸಾಲು ಸಾಲಾಗಿ ಬಂದವು, ಬರಲೇಬೇಕಿತ್ತು. ಆದರೆ ಕಥೆಗಳ ಒಳಗೆ ಇಳಿದ ಬರಹ ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಶೀರ್ಷಿಕೆಯ ಕಥೆಯನ್ನೇ ನೋಡಿ. ಗಂಡನ ಮನೆಯಲ್ಲಿ ಬದುಕಲಾಗದೆ ತವರಿಗೆ ಬಂದವಳನ್ನು ತವರಿನವರೇ ವಾಪಸ್ ಕರೆದುಕೊಂಡು ಹೋಗಿ ಬಿಡುತ್ತಾರೆ. ಸಾಯಲು ಸಿದ್ಧವಾದವಳನ್ನು ಕೊನೆಗೆ ತಡೆಯುವುದು ಮಗಳು. ಆ ಕೊನೆ ಕಥೆಯ ಒಳಗಿಂದ ಬಂತೇ, ಅಥವಾ ಅವಳನ್ನು ಉಳಿಸಲೇಬೇಕು ಅನ್ನುವ ಲೇಖಕಿಯ ಮರುಕದಿಂದ ಬಂತೇ? ನನಗೆ ಒಳಗಿಂದಲೇ ಬಂತು ಅನ್ನಿಸುತ್ತದೆ. ಅಪ್ಪ, ಅಣ್ಣ, ಗಂಡ ಅಂತ ದೊಡ್ಡವರ ಕೈ ಒಂದೊಂದಾಗಿ ತಪ್ಪಿದ ಮೇಲೆ ಉಳಿಯುವುದು ಒಂದು ಮಗುವಿನ ಕೈ ಮಾತ್ರ, ಕಥೆ ಮೊದಲಿನಿಂದಲೂ ಆ ಕಡೆಗೇ ನಡೆಯುತ್ತಿತ್ತು. ಬೇರೆಯವರಿಗೆ ಬೇರೆ ಅನ್ನಿಸಬಹುದು. ಹಾಸನ ಸೀಮೆಯ ಮುಸ್ಲಿಂ ಮನೆಗಳ ಮಾತು ಅವರ ಕನ್ನಡ ಗದ್ಯದಲ್ಲಿ ಹೇಗೆ ಕೂತಿದೆ ಅನ್ನುವುದನ್ನು ಇಂಗ್ಲಿಷ್ ಪತ್ರಿಕೆಗಳು ಹೇಳಲಾರವು, ಅದನ್ನು ನಾವೇ ಬರೆಯಬೇಕು. ಪ್ರಶಸ್ತಿ ಬಂದ ಪುಸ್ತಕದ ಬಗ್ಗೆ ಇಂಥ ಪ್ರಶ್ನೆ ಕೇಳುವುದು ಅಗೌರವ ಅಂತ ಕೆಲವರಿಗೆ ಅನ್ನಿಸುತ್ತದೆ. ಕೇಳದೆ ಬರೀ ಹಾರ ಹಾಕುವುದೇ ನನಗೆ ಅಗೌರವ ಅನ್ನಿಸುತ್ತದೆ.

ನಾಟಕ, ಸಂಗೀತ, ಯಕ್ಷಗಾನಕ್ಕೆ ಬಂದರೆ ವಿಮರ್ಶಕರ ಹೊಣೆ ಇನ್ನೂ ಜಾಸ್ತಿ. ಪುಸ್ತಕವಾದರೆ ಓದುಗರು ಬೇಕಾದಾಗ ತೆಗೆದು ನೋಡಬಹುದು. ನಾಟಕ ಆ ರಾತ್ರಿಗೇ ಮುಗಿದುಹೋಯಿತು. ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರದಲ್ಲಿ ಹಿಂದಿನ ರಾತ್ರಿ ಆಡಿದ ನಾಟಕದ ಬಗ್ಗೆ ಮರುದಿನ ಬೆಳಿಗ್ಗೆ ಎಲ್ಲರೂ ಕೂತು ಮಾತಾಡುವ ರೂಢಿ ಇದೆ. ನೋಡಿದ್ದು ಕಣ್ಣಲ್ಲಿ ಇನ್ನೂ ಹಸಿಯಾಗಿರುವಾಗಲೇ ಮಾತಾಡುವುದರಲ್ಲಿ ಒಂದು ಲಾಭ ಇದೆ. ‘ಮೂರನೇ ದೃಶ್ಯದಲ್ಲಿ ಅವಳು ಬೆನ್ನು ತಿರುಗಿಸಿ ನಿಂತದ್ದು ಯಾಕೆ’ ಅಂತ ಯಾರಾದರೂ ಕೇಳಬಹುದು, ‘ಇಲ್ಲ, ಅವಳು ಅರ್ಧ ತಿರುಗಿದ್ದಳು’ ಅಂತ ಇನ್ನೊಬ್ಬರು ಹೇಳಬಹುದು. ಕಂಡದ್ದರ ಬಗ್ಗೆಯೇ ಮೊದಲು ಜಗಳ ಆಗಬೇಕು. ಅಭಿಪ್ರಾಯದ ಜಗಳ ಆಮೇಲೆ. ಪತ್ರಿಕೆಗೆ ಬರೆಯುವಾಗ ಆ ಇನ್ನೊಬ್ಬರು ಪಕ್ಕದಲ್ಲಿ ಇರುವುದಿಲ್ಲ, ಹಾಗಾಗಿ ಸಭಾಂಗಣದಲ್ಲೇ ಬರೆದುಕೊಂಡ ಟಿಪ್ಪಣಿ ಬೇಕು. ಬೆಳಕು ಯಾವ ಕಡೆಯಿಂದ ಬಂತು, ರಂಗದ ಮೇಲೆ ಏನೇನಿತ್ತು, ಜನ ಎಲ್ಲಿ ನಕ್ಕರು.

ಯಕ್ಷಗಾನದ್ದೇ ಇನ್ನೊಂದು ರೂಪವಾದ ತಾಳಮದ್ದಲೆಯ ವಿಷಯವಂತೂ ಹೇಳಲೇಬೇಕು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ, ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳು ಕೂತಲ್ಲೇ, ಬರೆದಿಟ್ಟುಕೊಂಡ ಮಾತಿಲ್ಲದೆ, ಆ ಕ್ಷಣದಲ್ಲಿ ಹುಟ್ಟಿದ ಗದ್ಯದಲ್ಲಿ ವಾದ ಕಟ್ಟುತ್ತಾರೆ. ವಾಲಿವಧೆಯಲ್ಲಿ ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ. ಪ್ರಶ್ನೆ ಎಲ್ಲರಿಗೂ ಗೊತ್ತಿರುವುದೇ. ಆದರೆ ಆ ರಾತ್ರಿ ಆ ವಾಲಿ ಅದನ್ನು ಯಾವ ಕಡೆಯಿಂದ ಎತ್ತಿದ, ರಾಮ ಯಾವ ಮಾತಿಗೆ ತಡವರಿಸಿದ, ಯಾವ ಉತ್ತರಕ್ಕೆ ಸಭೆ ಗಪ್ಪಾಯಿತು, ಇದು ಪ್ರತಿ ಸಲ ಬೇರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾಲಿಯನ್ನು ಕೇಳಿದವರು ಇವತ್ತಿಗೂ ಅದರ ಬಗ್ಗೆ ಮಾತಾಡುತ್ತಾರೆ. ಮಾರನೆಯ ವಾರ ಪತ್ರಿಕೆಯಲ್ಲಿ ‘ಅರ್ಥಗಾರಿಕೆ ಪರಿಣಾಮಕಾರಿಯಾಗಿತ್ತು, ಭಾಗವತಿಕೆ ಇಂಪಾಗಿತ್ತು, ಕಾರ್ಯಕ್ರಮ ಯಶಸ್ವಿಯಾಯಿತು’ ಅಂತ ಬಂದರೆ ಆ ರಾತ್ರಿ ನಿಜವಾಗಿಯೂ ಕಳೆದುಹೋಯಿತು. ವಾದದ ನಾಲ್ಕು ಹೆಜ್ಜೆಯನ್ನಾದರೂ ಬರೆದಿಡಬೇಕಿತ್ತು. ಈಗ ವಿಡಿಯೋ ಇದೆಯಲ್ಲ ಅನ್ನಬಹುದು. ವಿಡಿಯೋದಲ್ಲಿ ಮಾತು ಉಳಿಯುತ್ತದೆ. ಆದರೆ ಗಂಟೆಗಟ್ಟಲೆ ನಡೆದ ಸಂವಾದದಲ್ಲಿ ವಾದ ತಿರುಗಿದ ಜಾಗ ಯಾವುದು ಅಂತ ಬೆರಳಿಟ್ಟು ತೋರಿಸಲು ಕೇಳಿ ಬಲ್ಲವರೇ ಬೇಕು.

ಕನ್ನಡ ಸಾಹಿತ್ಯಲೋಕ ಚಿಕ್ಕದು. ಎಲ್ಲರಿಗೂ ಎಲ್ಲರೂ ಗೊತ್ತು. ಪುಸ್ತಕ ಬಿಡುಗಡೆಗೆ ಹೋಗಿ ಚಿತ್ರಾನ್ನ ತಿಂದು ಬಂದವರೇ ವಿಮರ್ಶೆ ಬರೆಯಬೇಕು. ‘ಸರ್, ನಾಲ್ಕು ಸಾಲು ಬರೀರಿ’ ಅಂತ ಲೇಖಕರೇ ಪುಸ್ತಕ ಕಳಿಸುತ್ತಾರೆ, ನಾಳೆ ಅವರೇ ಯಾವುದೋ ಆಯ್ಕೆ ಸಮಿತಿಯಲ್ಲಿ ಇರುತ್ತಾರೆ. ಪರಿಚಯ ಇರುವುದನ್ನು ತಪ್ಪಿಸಲು ಆಗುವುದಿಲ್ಲ, ಆದರೆ ಮುಚ್ಚಿಡುವುದು ಬೇಡ. ‘ಇವರು ನನ್ನ ಗೆಳೆಯರು’ ಅಂತ ಮೊದಲೇ ಒಂದು ಸಾಲು ಬರೆದರೆ ಓದುಗರು ತಮ್ಮ ಲೆಕ್ಕ ತಾವು ಹಾಕಿಕೊಳ್ಳುತ್ತಾರೆ. ಗೆಳೆತನ ಇದ್ದರೂ ನಿಷ್ಠುರವಾಗಿ ಮಾತಾಡಬಹುದು ಅನ್ನುವುದಕ್ಕೆ ನಮ್ಮಲ್ಲೇ ಒಳ್ಳೆಯ ಪರಂಪರೆ ಇದೆ. ಧಾರವಾಡದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಅಟ್ಟದ ಮೇಲೆ ಬರೆಯುವವರೂ ವಿಮರ್ಶೆ ಮಾಡುವವರೂ ಒಟ್ಟಿಗೇ ಕೂರುತ್ತಿದ್ದರು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಆ ಗ್ರಂಥಮಾಲೆಯ ‘ನಡೆದು ಬಂದ ದಾರಿ’ ಸಂಪುಟಗಳಿಗಾಗಿ ಬರೆದದ್ದೇ ಮುಂದೆ ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’ ಆಯಿತು. ತಮ್ಮ ಜೊತೆಗೇ ಬರೆಯುತ್ತಿದ್ದವರನ್ನೂ, ಹಿಂದಿನ ತಲೆಮಾರಿನ ದೊಡ್ಡವರನ್ನೂ ಅವರು ಸಮ ದೂರದಲ್ಲಿ ನಿಂತು ನೋಡಿದರು. ವಿಮರ್ಶೆ ಬರೆಯಲು ಕಲಿಯಬೇಕು ಅನ್ನುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಕುರ್ತಕೋಟಿಯವರನ್ನು ಓದಿ ಅಂತ. ಅವರ ತೀರ್ಮಾನ ಒಪ್ಪದಿದ್ದರೂ ಪರವಾಗಿಲ್ಲ, ಒಂದು ಕೃತಿಯ ಹತ್ತಿರ ಅವರು ಎಷ್ಟು ಹೊತ್ತು ನಿಲ್ಲುತ್ತಾರೆ ನೋಡಿ.

ಮೊದಲ ಪುಸ್ತಕ ಬರೆದವರಿಗೆ ರಿಯಾಯಿತಿ ಕೊಡಬೇಕೇ ಅಂತ ಕೇಳುತ್ತಾರೆ. ಗಮನ ಜಾಸ್ತಿ ಕೊಡಬೇಕು, ರಿಯಾಯಿತಿ ಬೇಡ. ಸುಮ್ನೆ ‘ಭರವಸೆಯ ಕಥೆಗಾರ’ ಅಂತ ಬೆನ್ನು ತಟ್ಟಿ ಕಳಿಸುವುದು ಅವರನ್ನು ಓದದೇ ಇದ್ದ ಹಾಗೆಯೇ. ಎಂಟು ಕಥೆಗಳಲ್ಲಿ ಆರು ಸೋತಿದ್ದರೆ, ಗೆದ್ದ ಎರಡರ ಬಗ್ಗೆ ಜಾಸ್ತಿ ಬರೆಯಿರಿ, ಅವು ಯಾಕೆ ಗೆದ್ದವು ಅಂತ ಸಾಲು ಹಿಡಿದು ತೋರಿಸಿ. ಉಳಿದ ಆರು ಯಾಕೆ ಸೋತವು ಅನ್ನುವುದು ಅದರಲ್ಲೇ ಅರ್ಧ ಬಂದಿರುತ್ತದೆ.

ಪತ್ರಿಕೆಯವರು ಮುನ್ನೂರು ಪದ ಮಾತ್ರ ಕೊಡುತ್ತಾರೆ, ಅದರಲ್ಲಿ ಸಾಲುಗಳನ್ನು ಎಲ್ಲಿಂದ ಹಾಕುವುದು ಅನ್ನುವ ದೂರು ನಿಜ. ಲೇಖಕರ ಪರಿಚಯ ತೆಗೆಯಿರಿ. ‘ಕನ್ನಡ ಸಣ್ಣಕಥೆಗೆ ದೀರ್ಘ ಪರಂಪರೆ ಇದೆ’ ಅನ್ನುವ ಮೊದಲ ಪ್ಯಾರಾ ತೆಗೆಯಿರಿ. ಕಥಾಸಾರ ಎರಡು ವಾಕ್ಯಕ್ಕೆ ನಿಲ್ಲಿಸಿ, ಮುದ್ರಣ ಮತ್ತು ಮುಖಪುಟದ ಮಾತು ಬಿಡಿ, ಕೊನೆಯ ಹಾರೈಕೆಯನ್ನೂ ಬಿಡಿ. ಈಗ ಪುಸ್ತಕದಿಂದ ಮೂರು ಸಾಲು ಹಾಕಲು ಜಾಗ ಆಯಿತು, ಅವುಗಳ ಬಗ್ಗೆ ಮಾತಾಡಲೂ ಜಾಗ ಆಯಿತು.

ಬರೆದ ಮೇಲೆ ಫೋನ್ ಬರುತ್ತದೆ. ಲೇಖಕರು ಸಿಟ್ಟಿನಲ್ಲೇ ಶುರುಮಾಡುತ್ತಾರೆ, ಅದು ಸಹಜ, ವರ್ಷಗಟ್ಟಲೆ ಕೂತು ಬರೆದಿರುತ್ತಾರೆ. ಬರೀ ತೀರ್ಪು ಬರೆದಿದ್ದರೆ ಆ ಮಾತು ‘ನಿಮಗೆ ನನ್ನ ಮೇಲೆ ಏನು ಕೋಪ’ ಅನ್ನುವಲ್ಲಿಗೆ ಹೋಗಿ ನಿಲ್ಲುತ್ತದೆ. ಸಾಲುಗಳನ್ನು ಎತ್ತಿ ತೋರಿಸಿ ಬರೆದಿದ್ದರೆ ಸ್ವಲ್ಪ ಹೊತ್ತಿಗೆ ಅವರೇ ಪುಟದ ಹತ್ತಿರ ಬರುತ್ತಾರೆ. ‘ನೀವು ಎಪ್ಪತ್ತೆರಡನೇ ಪುಟದ ಮಾತು ಹೇಳಿದಿರಲ್ಲ, ಅದರ ಹಿಂದಿನ ಪ್ಯಾರಾ ನೋಡಿದಿರಾ?’ ಅನ್ನುತ್ತಾರೆ. ನಾನು ಪುಸ್ತಕ ತೆಗೆದುಕೊಳ್ಳುತ್ತೇನೆ, ಅವರೂ ತೆಗೆದುಕೊಳ್ಳುತ್ತಾರೆ, ಫೋನಿನಲ್ಲೇ ಇಬ್ಬರೂ ಆ ಪ್ಯಾರಾ ಓದುತ್ತೇವೆ. ಕೆಲವು ಸಲ ಅವರು ಒಪ್ಪುತ್ತಾರೆ. ಕೆಲವು ಸಲ ನಾನು.